ಬಿಸಿಯಾದ ಏಳು ಬೀಜಗಳು

ನಮ್ಮೂರಿಗೆ ಯಾವ ಬಸ್ಸು ಹತ್ತಬೇಕೆಂದು ಕೇಳಬೇಡಿ. ಇಲ್ಲಿಗೆ ಬಂದವರೆಲ್ಲ ದಾರಿ ತಪ್ಪಿಯೇ ಬಂದವರು. ನಾನು ಹಾಗೆ ಬಂದವಳೊಬ್ಬಳ ಮೊಮ್ಮಗಳು. ಊರಿಗೆ ಒಂದು ಹೊಳೆ, ಒಂದು ಹಿಟ್ಟಿನ ಗಿರಣಿ, ಒಂದು ಹೆರಿಗೆ ಆಸ್ಪತ್ರೆ, ಎಣಿಸಲಾಗದಷ್ಟು ಮರ. ನಮ್ಮಲ್ಲಿ ಹಕ್ಕಿಯೊಂದು ಕೊಂಬೆಯ ಮೇಲೆ ಮೊಟ್ಟೆಯಿಟ್ಟರೆ ಆ ಕೊಂಬೆಯ ನೆರಳು ಆ ಗಳಿಗೆಯಲ್ಲಿ ಎಲ್ಲಿತ್ತೋ ಅಲ್ಲೇ ನಿಂತುಬಿಡುತ್ತದೆ. ಮರಿ ಹಾರುವ ತನಕ ಕದಲುವುದಿಲ್ಲ. ಮರದ ಉಳಿದ ನೆರಳು ಹೊತ್ತಿನ ಜೊತೆ ಹೊರಟುಹೋಗುತ್ತದೆ. ಸಂತೆಯಲ್ಲಿ ಹಟ ಹಿಡಿದು ಕೂತ ಮಗುವನ್ನು ಬಿಟ್ಟು ತಾಯಿ 'ಬಂದ್ರೆ ಬಾ' ಎಂದು ಮುಂದೆ ಹೋಗುತ್ತಾಳಲ್ಲ, ಹಾಗೆ. ಮಾರನೆಯ ದಿನ ಅದೇ ಹೊತ್ತಿಗೆ ಬಂದು ಸೇರಿಕೊಳ್ಳುತ್ತದೆ. ಆ ಒಂದು ಚಣ ಮರದ ನೆರಳು ಇಡಿಯಾಗಿ ಕಾಣುತ್ತದೆ. ಅದನ್ನು ನಾವು ಸೇರುವ ಹೊತ್ತು ಅನ್ನುತ್ತೇವೆ.

ಇದರ ಜೊತೆ ಬದುಕುವುದು ಕಷ್ಟವೇನಲ್ಲ. ಸಂತೆಬೀದಿಯ ಬೇವಿನಲ್ಲಿ ಕಾಗೆ ಕಾವಿಗೆ ಕೂತರೆ ಸೌತೆಕಾಯಿ ಮಾರುವವಳಿಗೆ ತಿಂಗಳೊಪ್ಪತ್ತು ಬಿಸಿಲಿನ ಕಾಟವಿಲ್ಲ. ಹುಣಸೆಯಲ್ಲಿ ಹದ್ದು ಕೂತಿತೆಂದರೆ 'ಲಗ್ನ ಇಟ್ಕಳಿ, ಚಪ್ಪರ ಬ್ಯಾಡ' ಅನ್ನುತ್ತಾರೆ. ಅಂಗಳದಲ್ಲಿ ನೆರಳು ನಿಂತ ಮನೆಯವರು ಎದುರುಮನೆಯಲ್ಲಿ ಹಪ್ಪಳ ಒಣಗಿಸುತ್ತಾರೆ, ಎದುರುಮನೆಯ ಮುದುಕರು ಇವರ ಅಂಗಳದಲ್ಲಿ ಮಧ್ಯಾಹ್ನ ಮಲಗುತ್ತಾರೆ. ಜಗಳ ಆಗುವುದಿಲ್ಲ ಎಂದಲ್ಲ. ಆದರೆ ಹಕ್ಕಿ ಹಾರಿದ ದಿನ ಜಗಳವೂ ಹಾರುತ್ತದೆ.

ಹಿಟ್ಟಿನ ಗಿರಣಿಯ ಹಿಂದಿನ ನೆರಳು ಮಾತ್ರ ಹಾಗಲ್ಲ. ಅದಕ್ಕೆ ಮರವೇ ಇಲ್ಲ. ನನ್ನ ಅಜ್ಜಿಯ ಕಾಲದಲ್ಲಿ ಯಾರೋ ಗೂಡಿದ್ದ ಹೊಂಗೆಯನ್ನು ಕಡಿದರಂತೆ. ಮೊಟ್ಟೆ ಒಡೆಯಿತು, ಮರ ಸೌದೆಯಾಗಿ ಬೂದಿಯಾಯಿತು, ನೆರಳು ಹೋಗಲು ಜಾಗವಿಲ್ಲದೆ ಅಲ್ಲೇ ಉಳಿಯಿತು. ನಡುಬೇಸಿಗೆಯ ನಡುಹಗಲಲ್ಲೂ ಅಲ್ಲಿ ಅಂಗೈಯಿಟ್ಟರೆ ಬಾವಿಯ ತಳದ ಕಲ್ಲು ಮುಟ್ಟಿದ ಹಾಗೆ ಕೊರೆಯುತ್ತದೆ. ನಾಯಿ ಕೂಡ ಸುತ್ತು ಹಾಕಿಕೊಂಡು ಹೋಗುತ್ತದೆ. ಮರದ ಕೆಲಸಕ್ಕೆ ಸೇರುವವರನ್ನು ಮೊದಲ ದಿನ ಅಲ್ಲಿಗೆ ಕರೆದೊಯ್ದು ಕೈ ಇಡಿಸುತ್ತಾರೆ. ಬೇರೆ ಬುದ್ಧಿಮಾತು ಹೇಳುವುದಿಲ್ಲ.

ನನ್ನ ಕೈಯನ್ನೂ ಇಡಿಸಿದ್ದರು. ಮುಂಗಾರಿಗೆ ಮೊದಲು ಊರಿನ ಮುರುಕು ಕೊಂಬೆ, ತಂತಿಗೆ ತಾಗುವ ಕೊಂಬೆಗಳನ್ನು ಇಳಿಸುವುದು ನಮ್ಮ ಮೂವರ ಕೆಲಸ. ಬೊಮ್ಮಲಿಂಗಣ್ಣ ಮೇಸ್ತ್ರಿ; ಹಗ್ಗ, ರಾಟೆ ಅವನದು. ಬುಡೇನ್‌ಸಾಬ ಮರ ಹತ್ತಿ ಗರಗಸ ಎಳೆಯುವವನು. ಕದುರಮ್ಮನೆಂಬ ನಾನು ನೆರಳು ನೋಡುವವಳು. ಉಕ್ಕುವ ಹಾಲು ಕಾಯುವುದಕ್ಕೆ ನಮ್ಮವ್ವ ನನ್ನನ್ನೇ ಕೂರಿಸುತ್ತಿದ್ದಳು; ಆ ತಾಳ್ಮೆಯೇ ನನ್ನ ಬಂಡವಾಳ.

ಬೆಳಿಗ್ಗೆ ಕೊಂಬೆಯ ನೆರಳಿನ ಅಂಚಿಗೆ, ಒಳಗಡೆ, ಏಳು ಹುಣಸೆಬೀಜ ಸಾಲಾಗಿ ಇಡುತ್ತಿದ್ದೆ. ಎಲೆಯಡಿಕೆ ಹಾಕಿಕೊಂಡು ಕೂರುತ್ತಿದ್ದೆ. ಎರಡು ಸಲ ಎಲೆ ಮೆಲ್ಲುವಷ್ಟು ಹೊತ್ತು ಕಳೆದ ಮೇಲೆ ಬಗ್ಗಿ ಒಂದೊಂದೇ ಬೀಜ ಮುಟ್ಟಿ ನೋಡುತ್ತಿದ್ದೆ. ಬಿಸಿಯಾಗಿದ್ದರೆ ನೆರಳು ಅವನ್ನು ಬಿಟ್ಟು ಹರಿದಿದೆ, ಕೊಂಬೆ ಬರಿದು. ತಣ್ಣಗಿದ್ದರೆ ನೆರಳು ನಿಂತಿದೆ, ಕೊಂಬೆ ಬಸುರಿ. ಕಣ್ಣಲ್ಲಿ ನೋಡಿದರೆ ಸಾಲದೇ ಎಂದು ಕೇಳಬಹುದು. ಎಲೆಯ ನೆರಳು ಜರಡಿಯ ಹಾಗೆ. ಚುಕ್ಕಿ ಬಿಸಿಲು, ಚುಕ್ಕಿ ಕತ್ತಲು. ಗಾಳಿ ಬೀಸಿದರೆ ಅದೂ ಕಲಸಿಹೋಗುತ್ತದೆ. ಕಣ್ಣು ಸುಳ್ಳು ಹೇಳೀತು, ಬೀಜ ಹೇಳುವುದಿಲ್ಲ.

ನಾನು 'ಹರಿದೈತೆ' ಅಂದರೆ ಬುಡೇನ್‌ಸಾಬ ಹತ್ತುತ್ತಿದ್ದ. ಮೇಲೆ ಹೋದವನು ಪೊಟರೆಯಲ್ಲಿ, ಎಲೆಮರೆಯಲ್ಲಿ ಇಣುಕುತ್ತಿರಲಿಲ್ಲ. ಗೂಡಿಗೆ ಇಣುಕುವುದು ಬಾಣಂತಿಯ ಕೋಣೆಗೆ ನುಗ್ಗಿದ ಹಾಗೆ ಅನ್ನುವುದು ನಮ್ಮ ಕಡೆಯ ಮರ್ಯಾದೆ. ಹೀಗಾಗಿ ಎಲ್ಲವೂ ನನ್ನ ಒಂದು ಮಾತಿನ ಮೇಲೆ ನಿಂತಿತ್ತು. ಮಾತು ಹುಸಿಯಾದರೆ ನೆರಳು ನೋಡುವವಳು ಬೀಜಗಳನ್ನು ಹೊಳೆಗೆ ಬಿಟ್ಟು ಕೆಲಸ ತೊರೆಯಬೇಕು. ಹನ್ನೊಂದು ವರ್ಷ ಒಮ್ಮೆಯೂ ಹುಸಿಯಾಗಲಿಲ್ಲ. ಹುಸಿಯಾಗದ ಮಾತು ಮನುಷ್ಯರನ್ನು ನಿಧಾನಕ್ಕೆ ಕೆಡಿಸುತ್ತದೆ. ಮೊದಲು ಮಂಡಿಯೂರಿ ಬೀಜ ಮುಟ್ಟುತ್ತಿದ್ದವಳು ಆಮೇಲೆ ನಿಂತಲ್ಲೇ ಬಗ್ಗಿ ಮುಟ್ಟತೊಡಗಿದೆ. ಸೊಂಟ ನೋವು ಶುರುವಾದ ಮೇಲೆ ಬಗ್ಗುವುದನ್ನೂ ಬಿಟ್ಟೆ. ಕಾಲಿನ ಹೆಬ್ಬೆರಳಲ್ಲಿ ತಾಗಿಸಿ ನೋಡತೊಡಗಿದೆ.

ಆ ವರ್ಷ ವೈಶಾಖದಲ್ಲಿ ಹೆರಿಗೆ ಆಸ್ಪತ್ರೆಯಿಂದ ಕರೆ ಬಂತು. ಬಾಗಿಲೆದುರಿನ ಮಳೆಮರದ ಒಂದು ದಪ್ಪ ಕೊಂಬೆ ಬುಡದಲ್ಲಿ ಸೀಳಿದೆ, ಗಾಳಿಮಳೆಗೆ ಬಾಣಂತಿಯರ ವಾರ್ಡಿನ ಹೆಂಚಿನ ಮೇಲೆ ಬಿದ್ದೀತು ಎಂದು ಜಯಶೀಲ ಸಿಸ್ಟರ್ ಹೇಳಿಕಳಿಸಿದ್ದರು. ನಾವು ಹೋದಾಗ ಎಂಟು ಗಂಟೆಯ ಬಿಸಿಲು. ಆ ಕೊಂಬೆ ನಡುವೆ ಮೊಣಕೈ ಮಡಿಸಿದ ಹಾಗೆ ಬಾಗಿತ್ತು. ಅದರ ನೆರಳಿಗೂ ಅಂಥದ್ದೇ ಮೊಣಕೈ. ವಾರ್ಡಿನ ಮೆಟ್ಟಿಲ ಮುಂದೆ ಉಳಿದ ಕೊಂಬೆಗಳ ನೆರಳಿನ ಜೊತೆ ಸೇರಿ ಬಿದ್ದಿತ್ತು. ಅಂಚಿಗೆ ಏಳು ಬೀಜ ಇಟ್ಟೆ. ಎಲೆಯಡಿಕೆ ಮೆದ್ದೆ. ಕಿಟಕಿಯಲ್ಲಿ ಕೂತ ಬಾಣಂತಿಯರ ಜೊತೆ ಮಾತಾಡುತ್ತಲೇ ಹೋಗಿ ಹೆಬ್ಬೆರಳು ತಾಗಿಸಿದೆ. ಏಳೂ ಬಿಸಿ.

"ಏನ್ ಕದುರಕ್ಕ?" ಎಂದ ಬುಡೇನ್‌ಸಾಬ.

"ಹರಿದೈತೆ, ಹತ್ತು."

ಹತ್ತಿದ. ಮೇಲಿನ ಕವಲಿಗೆ ರಾಟೆ ಕಟ್ಟಿ, ಕೊಂಬೆಗೆ ಎರಡು ಕಡೆ ಹಗ್ಗ ಬಿಗಿದ. ಬೊಮ್ಮಲಿಂಗಣ್ಣ ಕೆಳಗೆ ಹಗ್ಗವನ್ನು ಬೊಡ್ಡೆಗೆ ಸುತ್ತಿ ಹಿಡಿದ. ಗರಗಸದ ಸದ್ದು ನಡುವೆ ಒಮ್ಮೆ ಬೇರೆಯಾಯಿತು. "ಒಳಗೆ ಟೊಳ್ಳೈತೆ, ಪೊಟರೆ ಇರ್ಬೇಕು" ಎಂದು ಅವನು ಮೇಲಿಂದ ಕೂಗಿದ. ಟೊಳ್ಳು ಕೊಂಬೆ ಬೇಗ ತುಂಡಾಯಿತು. ಹಗ್ಗದಲ್ಲಿ ತೂಗುತ್ತಾ, ತೊಟ್ಟಿಲು ಇಳಿಸಿದಷ್ಟು ಮೆತ್ತಗೆ, ನೆಲಕ್ಕೆ ಇಳಿಯಿತು.

ಕಿಟಕಿಯಲ್ಲಿದ್ದ ಬಾಣಂತಿಯೊಬ್ಬಳು ಮೊದಲು ಕಂಡಳು. "ಅಯ್ಯೋ ಅಕ್ಕಾ, ನೆರಳು!"

ಮಳೆಮರದ ನೆರಳೆಲ್ಲ ಆಗಲೇ ಮಾರು ದೂರ ಹರಿದುಹೋಗಿತ್ತು. ಮೆಟ್ಟಿಲ ಮುಂದೆ ಮೊಣಕೈ ಬಾಗಿದ ಒಂದೇ ಒಂದು ನೆರಳು ಬಿದ್ದಿತ್ತು. ಅದರ ಮೇಲೆ ಆಕಾಶ ಖಾಲಿ. ಇತ್ತ ಹಸಿ ಕೊಂಬೆ ಬಿಸಿಲಲ್ಲಿ ಮಲಗಿತ್ತು. ಅದರ ಸುತ್ತ ಒಂದು ಬೆರಳಗಲ ನೆರಳೂ ಇರಲಿಲ್ಲ.

ನಾನು ಬೀಜಗಳ ಹತ್ತಿರ ಕುಕ್ಕರಿಸಿದೆ. ಏಳೂ ನೆರಳೊಳಗೇ ಇದ್ದವು. ಏಳೂ ಸುಡುತ್ತಿದ್ದವು. ಮಣ್ಣು ಕೆದಕಿದೆ, ಬೂದಿ ಬಂತು. ಇನ್ನೊಂದು ಗೇಣು ಕೆದಕಿದೆ, ಕೆಂಡ. ಆಸ್ಪತ್ರೆಯ ಆಯಾ ಸಣ್ಣೀರಮ್ಮ ಬಾಯಿಗೆ ಸೆರಗು ಅಡ್ಡ ಹಿಡಿದು ನಿಂತಿದ್ದಳು. ಬೇರೆ ಊರಿನ ಹೆಣ್ಣು, ಬಂದು ಎರಡು ತಿಂಗಳಾಗಿತ್ತು. ಬಾಣಂತಿಯರಿಗೆ ನೀರು ಕಾಯಿಸುವ ಹಂಡೆ ಒಲೆಯ ಕೆಂಡವನ್ನು ದಿನಾ ನಸುಕಿನಲ್ಲಿ ಅಲ್ಲೇ ಹೂಳುತ್ತಿದ್ದಳಂತೆ.

"ಎಲ್ಲಾ ಕಡೆ ಒಣಗಿದ ಎಲೆ ಕಣಕ್ಕ, ಬೆಂಕಿ ಹತ್ತೀತು ಅಂತ ಇಲ್ಲಿ ಹಾಕ್ತಿದ್ದೆ. ಇದೊಂದು ಜಾಗ ಯಾವ್ ಹೊತ್ನಾಗೂ ತಂಪಾಗೇ ಇರ್ತಿತ್ತು" ಎಂದು ಅಳತೊಡಗಿದಳು. "ನಮ್ಮೂರ್ ಕಡೆ ನೆರಳು ಓಡಾಡ್ಕಂಡೇ ಇರ್ತಾವೆ. ನಿಂತಿರೋದು ಅಂತ ನನಗೇನ್ ಗೊತ್ತು?"

ನೆರಳು ನಿಂತದ್ದರಿಂದ ತಂಪು, ತಂಪಾಗಿದ್ದರಿಂದ ಕೆಂಡ, ಕೆಂಡದಿಂದ ಬೀಜ ಬಿಸಿ. ಆದರೂ ಬಗ್ಗಿ ಕೈಯಲ್ಲಿ ಮುಟ್ಟಿದ್ದರೆ ಆ ಬಿಸಿ ಬಿಸಿಲಿನದಲ್ಲ, ಮಣ್ಣಿನೊಳಗಿಂದ ಬಂದದ್ದು ಎಂದು ಬೆರಳಿಗೆ ಗೊತ್ತಾಗುತ್ತಿತ್ತು. ಹಿಮ್ಮಡಿ ಒಡೆದ ಕಾಲಿಗೆ ಏನು ಗೊತ್ತಾದೀತು?

ಅಷ್ಟರಲ್ಲಿ ಬುಡೇನ್‌ಸಾಬ ಕೆಳಗಿಳಿದು ಕೊಂಬೆಯ ಪಕ್ಕ ಕೂತಿದ್ದ. "ಅಕ್ಕಾ, ಜೀವ ಐತೆ" ಎಂದು ಪಿಸುಗುಟ್ಟಿದ. ಪೊಟರೆಯ ಬಾಯಿಗೆ ಮಣ್ಣು ಹಿಕ್ಕೆ ಕಲಸಿ ಗೋಡೆ ಕಟ್ಟಿತ್ತು. ಗೋಡೆಯಲ್ಲಿ ಬೆರಳಗಲದ ಸೀಳು. ಸೀಳಿನಿಂದ ಬಾಗಿದ ದಪ್ಪ ಕೊಕ್ಕಿನ ತುದಿ ಹೊರಬಂದು ನಡುಗಿ ಒಳಗೆ ಹೋಯಿತು. ಮಂಗಟ್ಟೆ ಹಕ್ಕಿ. ಹೆಣ್ಣು ಪೊಟರೆ ಹೊಕ್ಕು ತನ್ನನ್ನು ತಾನೇ ಗೋಡೆಯೊಳಗೆ ಹಾಕಿಕೊಳ್ಳುತ್ತದೆ. ಒಳಗೆ ರೆಕ್ಕೆಯ ಗರಿ ಉದುರಿಸಿ ಮೊಟ್ಟೆಗಳಿಗೆ ಕಾವು ಕೊಡುತ್ತದೆ. ಹಾರಲಾರದು, ಹೊರಬರಲಾರದು. ಗಂಡು ಹಣ್ಣು ತಂದು ಆ ಸೀಳಿನಲ್ಲಿ ಉಣಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ. ನಾನು ಕಿವಿಯಿಟ್ಟು ಕೇಳಿದೆ. ಒಳಗೆ ತಾಯಿಯ ಜೊತೆ ಇನ್ನೂ ಸಣ್ಣ ಸದ್ದುಗಳಿದ್ದವು. ಮೊಟ್ಟೆಗಳು ಮರಿಯಾಗಿದ್ದವು.

ಆಗಲೇ ಗಂಡು ಬಂತು. ಕತ್ತಿನ ತುಂಬ ಆಲದ ಹಣ್ಣು ತುಂಬಿಕೊಂಡು ದಿನದ ಹಾಗೆ ನೇರ ಹಾರಿಬಂದು, ಪೊಟರೆಯಿದ್ದ ಕಡೆ ಖಾಲಿ ಗಾಳಿಯಲ್ಲಿ ಕಾಲು ಚಾಚಿತು. ಕಾಲಿಗೆ ಏನೂ ಸಿಗಲಿಲ್ಲ. ರೆಕ್ಕೆ ಬಡಿದು ಮೇಲೆದ್ದು ಮತ್ತೆ ಅಲ್ಲಿಗೇ ಬಂತು. ನಾಲ್ಕು ಸಲ ಹೀಗೆ ಮಾಡಿ ಎದುರಿನ ಬೇವಿನ ಮೇಲೆ ಕೂತು ಕೂಗತೊಡಗಿತು. ನೆಲದಲ್ಲಿದ್ದ ಕೊಂಬೆಯ ಕಡೆ ತಿರುಗಿಯೂ ನೋಡಲಿಲ್ಲ.

ನಾನು ಏಳು ಬೀಜ ಆಯ್ದು ಬೊಮ್ಮಲಿಂಗಣ್ಣನ ಕೈಗೆ ಹಾಕಿದೆ. "ಹೊಳೆಗೆ ಬಿಡು" ಅಂದೆ. ಅವನು ಹೆಗಲ ಮೇಲಿನ ವಲ್ಲಿಯ ತುದಿಗೆ ಗಂಟು ಹಾಕಿಕೊಂಡು, "ಅದು ಆಮ್ಯಾಲೆ. ಮೊದ್ಲು ಇದ್ನ ಮ್ಯಾಕ್ ಏರಿಸ್ಬೇಕು" ಎಂದ.

ಸಿಸ್ಟರ್ ಅಡ್ಡ ಬಂದರು. "ಏನ್ರೀ ಮೇಸ್ತ್ರಿ, ಬೀಳುತ್ತೆ ಅಂತ ತೆಗೆಸಿದ ಕೊಂಬೇನ ಮತ್ತೆ ತಲೆ ಮೇಲೆ ತೂಗುಹಾಕ್ತೀರಾ? ಒಳಗೆ ಒಂಬತ್ತು ಜನ ಬಾಣಂತೀರಿದ್ದಾರೆ."

"ಹತ್ತು ಜನ ಸಿಸ್ಟ್ರೇ" ಎಂದಳು ಕಿಟಕಿಯ ಬಾಣಂತಿ. "ಅವ್ಳೂ ನಮ್ಮಂಗೇ. ಪಥ್ಯ, ಕತ್ಲೆ ಕ್ವಾಣೆ, ಗಂಡ ತಂದ್ರೆ ಉಂಡ್ಳು. ಹಗ್ಗ ಬಿಗಿಯಾಗಿ ಕಟ್ಲಿ ಬಿಡ್ರಿ."

ಒಳಗಿನಿಂದ ನಗು ಕೇಳಿತು. ಸಿಸ್ಟರ್ ನಗಲಿಲ್ಲ. ಮೆಟ್ಟಿಲಿಳಿದು ಬಂದು ಆ ನೆರಳಿನ ಮೇಲೆ ಅಂಗೈಯಿಟ್ಟು ನೋಡಿದರು. ಹಿಟ್ಟಿನ ಗಿರಣಿಯ ಹಿಂದಿನದು ಅವರಿಗೂ ಗೊತ್ತು. ಈ ನೆರಳಿನ ಗತಿಯೂ ಹಾಗೇ ಆದರೆ, ಹಸುಗೂಸು ಎತ್ತಿಕೊಂಡು ಹೊರಗೆ ಬರುವ ಪ್ರತಿಯೊಬ್ಬಳ ಮೊದಲ ಹೆಜ್ಜೆಯೂ ಅದರ ಮೇಲೇ ಬೀಳುತ್ತಿತ್ತು. "ಆ ಕಡೆ ಮಂಚಗಳನ್ನೆಲ್ಲ ಹಿಂದಿನ ಪಡಸಾಲೆಗೆ ಹಾಕಿಸ್ತೀನಿ" ಎಂದರು. "ಹಗ್ಗ ಸಾಲದು, ಸರಪಳಿ ತನ್ನಿ."

ಲಾರಿ ರಿಪೇರಿಯವನ ಹತ್ತಿರ ಸರಪಳಿ ತಂದರು. ಮಧ್ಯಾಹ್ನದ ಹೊತ್ತಿಗೆ ಕೊಂಬೆಯನ್ನು ಮೇಲೆ ಎಳೆದು ಕಟ್ಟಿದರು. ಆದರೆ ಗರಗಸ ಹಾಕಿದ ಕಡೆ ಟೊಳ್ಳು ಪುಡಿಯಾಗಿ ಉದುರಿತ್ತು. ಯಾವ ಮಗ್ಗುಲು ಎತ್ತ ಇತ್ತು, ಎಷ್ಟು ಎತ್ತರಕ್ಕಿತ್ತು ಎಂದು ಹೇಳುವ ಗುರುತು ಉಳಿದಿರಲಿಲ್ಲ. ಅಂದಾಜಿನ ಮೇಲೆ ಕಟ್ಟಿದರು. ಗಂಡು ಹತ್ತಿರ ಬಂತು, ಸುತ್ತಿತು, ಬೇವಿಗೆ ವಾಪಸು ಹೋಯಿತು. ಬುಡೇನ್‌ಸಾಬ ಒಂದು ಅತ್ತಿಹಣ್ಣನ್ನು ಕಡ್ಡಿಗೆ ಸಿಕ್ಕಿಸಿ ಸೀಳಿಗೆ ಹಿಡಿದ. ಒಳಗಿನಿಂದ ಬುಸುಗುಟ್ಟಿತೇ ಹೊರತು ಮುಟ್ಟಲಿಲ್ಲ.

"ಕಂಡೋರ ಗಂಡಸ್ರು ತಂದಿದ್ದು ಸೇರಾಕಿಲ್ಲ ಕಣಪ್ಪ" ಎಂದಳು ಸಣ್ಣೀರಮ್ಮ, ಅಳುವಿನ ನಡುವೆಯೇ.

ನಾನು ನೆರಳಿನ ಪಕ್ಕ ಕೂತೆ. ಗಳಿಗೆಗೊಮ್ಮೆ ಅಂಗೈಯಿಟ್ಟು ನೋಡುತ್ತಿದ್ದೆ. ಬೆಳಿಗ್ಗೆ ಅದು ಮಡಕೆಯ ಮೈಯಷ್ಟು ಹಿತವಾಗಿ ತಂಪಿತ್ತು. ಸಂಜೆಯ ಹೊತ್ತಿಗೆ ತುದಿಯಲ್ಲಿ ಕೊರೆಯತೊಡಗಿತು. ಬೆಳಕು ಹರಿದು ಮತ್ತೆ ಮುಟ್ಟಿದಾಗ ಆ ಕೊರೆತ ತುದಿಯಿಂದ ಮೊಣಕೈಯ ತನಕ ಬಂದಿತ್ತು. ಮೊಣಕೈಯಿಂದ ಎರಡು ಮೊಳ ಆಚೆ ಪೊಟರೆಯ ನೆರಳು. ಕೊರೆತ ಅಲ್ಲಿಗೆ ಮುಟ್ಟಿದರೆ ಮುಗಿಯಿತು.

ಆಗ ನನಗೆ ನಮ್ಮ ರಾತ್ರಿ ಶಾಲೆಯ ಮೇಷ್ಟ್ರು ನೆನಪಾದರು. ಗ್ರಹಣದ ಪಾಠಕ್ಕೆ ಅವರು ಲಾಟೀನಿನ ಮುಂದೆ ಚೊಂಬು ಹಿಡಿದು, ಗೋಡೆಯ ಮೇಲೆ ಬಿದ್ದ ನೆರಳಿನಲ್ಲಿ ನಮ್ಮನ್ನು ಒಬ್ಬೊಬ್ಬರಾಗಿ ನಿಲ್ಲಿಸಿದ್ದರು. 'ಈಗ ದೀಪ ಕಾಣ್ತದಾ?' ಎಂದು ಕೇಳಿದ್ದರು. ಕಾಣುತ್ತಿರಲಿಲ್ಲ, ಚೊಂಬು ಅಡ್ಡ ಇತ್ತು. ನೆರಳಿನಲ್ಲಿ ನಿಂತವಳ ಕಣ್ಣು, ಚೊಂಬು, ದೀಪ, ಮೂರೂ ಒಂದೇ ಗೆರೆ.

"ಬೊಮ್ಮಲಿಂಗಣ್ಣ, ಸೇರೋ ಹೊತ್ತು ಬರ್ತಾ ಐತೆ" ಅಂದೆ. "ಆ ಹೊತ್ತಿಗೆ ಸೂರ್ಯ ಮೊಟ್ಟೆ ಇಟ್ಟಾಗ ಎಲ್ಲಿದ್ನೋ ಅಲ್ಲಿಗೇ ಬರ್ತಾನೆ. ನಾನು ಮೊಣಕೈ ನೆರಳಾಗೆ ತಲೆಯಿಟ್ಟು ಮಲಗ್ತೀನಿ. ಕೊಂಬೆ ಮೊಣಕೈ ನನ್ ಕಣ್ಣಿಗೆ ಸೂರ್ಯನ್ನ ಮುಚ್ಚಬೇಕು. ನಾನು ಹೇಳ್ದಂಗೆ ಎಳೀರಿ."

"ಕಣ್ಣು ಹೋಗುತ್ತಮ್ಮಿ."

"ಎರಡಿದಾವಲ್ಲ, ಒಂದು ಮುಚ್ಕಂತೀನಿ."

ಅವನು ಹಗ್ಗದ ಗಂಟು ಬಿಚ್ಚಿದ. ಬುಡೇನ್‌ಸಾಬ ಮೇಲೆ ಹತ್ತಿದ. ಸಣ್ಣೀರಮ್ಮ ಕೇಳದೆಯೇ ಬಂದು ಎರಡನೇ ಹಗ್ಗ ಹಿಡಿದಳು.

ನಾನು ಬಲಗಣ್ಣಿನ ಮೇಲೆ ಸೆರಗು ಎಳೆದುಕೊಂಡು ಮಲಗಿದೆ. ಬೆನ್ನಿನ ಕೆಳಗೆ ನೆಲ ಕೊರೆಯುತ್ತಿತ್ತು. ಮೈಮೇಲೆ ನೆರಳು, ಕಣ್ಣಿನಲ್ಲಿ ಸೂರ್ಯ. ಅಂಥದ್ದನ್ನು ಹೇಗೆ ಹೇಳುವುದು? ನೆರಳಿನಲ್ಲಿದ್ದೇನೆಂದು ಚರ್ಮ ಹೇಳುತ್ತಿದೆ, ಬಯಲಿನಲ್ಲಿದ್ದೇನೆಂದು ಕಣ್ಣು ಕೂಗುತ್ತಿದೆ. ಆ ಬಿಳುಪಿನಲ್ಲಿ ಕೊಂಬೆ ಕರಿದಾಗಿ ತೂಗುತ್ತಿತ್ತು. ಮಳೆಮರದ ನೆರಳು ನೆಲದ ಮೇಲೆ ತೆವಳುತ್ತಾ ಹತ್ತಿರ ಬರುತ್ತಿರುವುದು ಕಾಲಿಗೆ ತಿಳಿಯುತ್ತಿತ್ತು.

"ಮ್ಯಾಕ್ಕೆ. ಇನ್ನೊಂದ್ ಗೇಣು. ತಿರುವು, ತಿರುವು ಸಾಬಣ್ಣ, ನಿನ್ ಎದೆ ಕಡೆಗೆ. ಹೆಚ್ಚಾತು. ಹಿಂದಕ್ಕೆ."

ಕಣ್ಣಿನಲ್ಲಿ ನೀರು ಸುರಿದು ಕಿವಿಯೊಳಗೆ ಇಳಿಯುತ್ತಿತ್ತು. ಮುಚ್ಚು ಎಂದು ರೆಪ್ಪೆ ಹೊಡೆದುಕೊಳ್ಳುತ್ತಿತ್ತು. ಉಕ್ಕುವ ಹಾಲು ಕಾಯುವಾಗ ಕಣ್ಣು ತೆಗೆಯಬಾರದು, ತೆಗೆದ ಚಣದಲ್ಲೇ ಅದು ಉಕ್ಕುತ್ತದೆ. ನಾನು ತೆಗೆಯಲಿಲ್ಲ.

"ಸಣ್ಣೀರಿ, ನಿನ್ ಹಗ್ಗ ಒಂದ್ ಬೆರಳು ಬಿಡು. ಒಂದೇ ಬೆರಳು."

ಕರಿಯ ಮೊಣಕೈ ಸರಿದು ಬಂದು ಸೂರ್ಯನನ್ನು ಮುಚ್ಚಿತು.

"ಬಿಗೀರಿ!" ಎಂದು ಕೂಗಿದೆ. ಅದೇ ಹೊತ್ತಿಗೆ ಮರದ ನೆರಳು ಬಂದು ಈ ನೆರಳಿಗೆ ಸೇರಿತು. ಬಾಗಿಲು ಚಿಲಕಕ್ಕೆ ಕೂತ ಹಾಗೆ. ಸದ್ದಾಗಲಿಲ್ಲ, ಆದರೆ ಸದ್ದಾದಂತೆ ಎಲ್ಲರೂ ತಲೆಯೆತ್ತಿದರು.

ಸರಪಳಿ ಬಿಗಿದದ್ದಾಯಿತು. ಬುಡೇನ್‌ಸಾಬ ಹಿಂದಿನ ಕವಲಿಗೆ ಸರಿದು ಉಸಿರು ಹಿಡಿದು ಕೂತ. ಕಿಟಕಿಗಳಲ್ಲಿ ಕೂಸು ಎತ್ತಿಕೊಂಡ ಬಾಣಂತಿಯರು. ಒಂದು ಕೂಸೂ ಅಳಲಿಲ್ಲ ಅಂತ ಈಗಲೂ ಹೇಳುತ್ತಾರೆ, ಅದು ನಿಜವೋ ಸುಳ್ಳೋ ನಾನರಿಯೆ. ನನಗೆ ಏನೂ ಕಾಣುತ್ತಿರಲಿಲ್ಲ. ಎಡಗಣ್ಣಲ್ಲಿ ಕತ್ತಲು, ಬಲಗಣ್ಣಲ್ಲಿ ನೀರು. ಬೇವಿನ ಕಡೆಯಿಂದ ರೆಕ್ಕೆಯ ಸದ್ದು ಬಂತು. ನನ್ನ ಮೇಲೆ ಹಾದುಹೋಯಿತು. ಸದ್ದು ನಿಂತಿತು. ಹಕ್ಕಿ ಕೂತಿತು ಎಂದು ಅದರಿಂದ ತಿಳಿಯಿತು.

"ಕೊಟ್ಟ" ಎಂದ ಬೊಮ್ಮಲಿಂಗಣ್ಣ. "ಇನ್ನೊಂದು ಕೊಟ್ಟ. ಇಸ್ಕಂತಾ ಅವ್ಳೆ ಕಣಮ್ಮಿ. ಕೊಕ್ಕು ಹಾಕಿ ಹಾಕಿ ಇಸ್ಕಂತಾ ಅವ್ಳೆ."

ನಾನು ಅಂಗೈಯನ್ನು ನೆಲಕ್ಕೆ ಒತ್ತಿಕೊಂಡು ಮಲಗಿಯೇ ಇದ್ದೆ. ಕೊರೆತ ಬೆನ್ನಿನಿಂದ ಬಿಟ್ಟಿತು, ಭುಜದಿಂದ ಬಿಟ್ಟಿತು, ತುದಿಯ ಕಡೆಗೆ ಹಿಂಜರಿಯುತ್ತಾ ಹೋಯಿತು. ಅದರ ಹಿಂದೆಯೇ ಮಡಕೆಯ ತಂಪು ಬಂತು. ಎಷ್ಟು ಜನ್ಮ ನೆರಳು ನೋಡಿದರೂ ಒಳಗಿನ ಜೀವವೊಂದು ಹೀಗೆ ನೆಲದ ಮೂಲಕ ಮೈಗೆ ಬಂದು ತಾಗುವುದು ಯಾರಿಗೂ ಸಿಕ್ಕೀತು ಎಂದು ನನಗೆ ಅನ್ನಿಸುವುದಿಲ್ಲ.

ಮೂವತ್ತೆಂಟು ದಿನ ಆ ಕೊಂಬೆ ಸರಪಳಿಯಲ್ಲಿತ್ತು. ಮಳೆ ಬಂತು, ಗಾಳಿ ಬಂತು, ಹೆಂಚು ಒಂದೂ ಒಡೆಯಲಿಲ್ಲ. ಸಣ್ಣೀರಮ್ಮ ಕೆಂಡವನ್ನು ಹಿತ್ತಿಲಿನ ಕಲ್ಲುತೊಟ್ಟಿಗೆ ಹಾಕಿ ನೀರು ಸುರಿಯುತ್ತಿದ್ದಳು. ನಿಂತ ನೆರಳನ್ನು ಮಾತ್ರ ದಿನಾ ಗುಡಿಸುತ್ತಿದ್ದಳು. ಮೂವತ್ತೊಂಬತ್ತನೆಯ ಬೆಳಿಗ್ಗೆ ಹೆಣ್ಣು ಒಳಗಿನಿಂದ ಗೋಡೆ ಒಡೆಯಿತು. ಹೊಸ ಗರಿ ಬಂದ ರೆಕ್ಕೆಯನ್ನು ಬಿಡಿಸಲು ಮರೆತವಳಂತೆ ಅಂಚಿನಲ್ಲಿ ಬಹಳ ಹೊತ್ತು ಕೂತು, ಆಮೇಲೆ ಹಾರಿತು. ಅದರ ಹಿಂದೆ ಎರಡು ಮರಿ. ಎರಡನೆಯದು ಕಾಲು ಕಿತ್ತ ಕೂಡಲೇ ಮೊಣಕೈ ನೆರಳು ಒಮ್ಮೆ ನಡುಗಿತು. ಬಹಳ ದಿನ ಕೂತಿದ್ದವರು ಮಂಡಿ ಹಿಡಿದುಕೊಂಡು ಏಳುವ ಹಾಗೆ ಎದ್ದು, ಮೆಲ್ಲಗೆ ಶುರುಮಾಡಿ, ಆಮೇಲೆ ಓಡಿ, ಮರದ ನೆರಳನ್ನು ಹಿಡಿದುಕೊಂಡಿತು. ಬಾಣಂತಿಯರು ಆಗಲೇ ಬೇರೆಯವರಾಗಿದ್ದರು. ಅವರೂ ಕಿಟಕಿಯಲ್ಲಿದ್ದರು.

ಬೊಮ್ಮಲಿಂಗಣ್ಣ ವಲ್ಲಿಯ ಗಂಟು ಬಿಚ್ಚಿ ಏಳು ಬೀಜ ನನ್ನ ಕೈಗೆ ಹಾಕಿದ.

"ಹೊಳೆಗೆ ಬಿಡಲಿಲ್ವಾ?" ಅಂದೆ.

"ಹೊಳೆ ದೂರ ಐತೆ, ನನ್ ಕಾಲು ನೋವು" ಎಂದ. "ಇನ್ ಮ್ಯಾಲೆ ಬಗ್ಗಿ ಮುಟ್ಟು."

ಬಗ್ಗಿಯೇ ಮುಟ್ಟಿದೆ, ಇನ್ನೂ ಹದಿನೇಳು ವರ್ಷ. ಈಗ ಬೀಜಗಳು ಸಣ್ಣೀರಮ್ಮನ ಮಗಳ ಹತ್ತಿರ ಇವೆ. ಇಳಿಸಿದ ಕೊಂಬೆಯನ್ನು ಒಲೆಗೆ ಹಾಕಲು ಯಾರೂ ಒಪ್ಪಲಿಲ್ಲ. ಅದು ಇವತ್ತಿಗೂ ಆಸ್ಪತ್ರೆಯ ಹಿತ್ತಿಲಲ್ಲಿದೆ. ಗೊರವಂಕಗಳು ಬಂದು ಇಣುಕಿ ಹೋಗುತ್ತವೆ.

ನನ್ನ ಎಡಗಣ್ಣಿನ ನಡುವೆ ಅವತ್ತಿನಿಂದ ಒಂದು ಕಪ್ಪು ಉಳಿದಿದೆ. ನಡುವೆ ಬಾಗಿದೆ, ಮಡಿಸಿದ ಮೊಣಕೈಯ ಹಾಗೆ. ಎತ್ತ ನೋಡಿದರೂ ಅದು ನಿಂತಲ್ಲೇ ನಿಂತಿರುತ್ತದೆ. ಹೋದ ವರ್ಷ ಕಣ್ಣಿನ ಶಿಬಿರಕ್ಕೆ ಹೊರಗಿನಿಂದ ಬಂದಿದ್ದ ಎಳೆಯ ಡಾಕ್ಟರು ಬೆಳಕು ಬಿಟ್ಟು ನೋಡಿ, ಬೇಜಾರಿನ ಮುಖ ಮಾಡಿ, "ಇದು ಇನ್ನು ಹೋಗೋದಿಲ್ಲ ಅಜ್ಜಿ" ಎಂದರು.

"ಅವಸರ ಮಾಡಬ್ಯಾಡ ಕಣಪ್ಪ" ಅಂದೆ. "ಒಳಗೆ ಯಾರು ಕೂತವ್ರೋ."